ಹಿಮ ಬಿದ್ದ ರಸ್ತೆಗೆ ಜಪಾನಿನಲ್ಲಿ ನೀರು ಬಿಡುತ್ತಾರಂತೆ, ಅದು ಹೆಪ್ಪುಗಟ್ಟುವುದಿಲ್ಲವೇ?

ಇಲ್ಲ, ಯಾಕಂದ್ರೆ ಅದು ಅಂತರ್ಜಲ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಬೋರ್‌ವೆಲ್ ನೀರಿಗೆ ಕೈಯೊಡ್ಡಿ, ಬೆಚ್ಚಗಿರುತ್ತದೆ ಅಲ್ವಾ? ನೆಲದಾಳದ ಬಿಸಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ. ಜಪಾನಿನ ನಾಗಾವೊಕಾದಲ್ಲಿ ಈ ನೀರು ಸುಮಾರು 13 ಡಿಗ್ರಿ ಇರುತ್ತದೆ. ರಸ್ತೆಯಲ್ಲಿ ಹೂತ ಪೈಪಿನ ಸಣ್ಣ ತೂತುಗಳಿಂದ ಚಿಮ್ಮಿ, ಹಿಮವನ್ನು ಕರಗಿಸಿ ಚರಂಡಿಗೆ ಹರಿಯುತ್ತದೆ. ನೀರಿನಲ್ಲಿರುವ ಕಬ್ಬಿಣದಿಂದ ಅಲ್ಲಿನ ರಸ್ತೆಗಳಿಗೆಲ್ಲ ತುಕ್ಕಿನ ಬಣ್ಣ!

ಚಳಿ ಸೊನ್ನೆಯ ಆಸುಪಾಸಿನಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ. ಉತ್ತರ ಫಿನ್ಲೆಂಡಿನ ಮೈನಸ್ 20ರಲ್ಲಿ ಆ ನೀರೇ ಗಾಜಿನಂತೆ ಗಟ್ಟಿಯಾಗುತ್ತದೆ. ಅಷ್ಟು ಚಳಿಗೆ, ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪೂ ಸೋಲುತ್ತದೆ. ಹಾಗಾಗಿ ಹಿಮ ತಳ್ಳಿ, ಜಾರದಿರಲು ಜಲ್ಲಿಪುಡಿ ಎರಚುತ್ತಾರೆ.

ಜಪಾನಿನಲ್ಲೂ ನೀರು ಜಾಸ್ತಿ ಎತ್ತಿ ನೆಲ ಕುಸಿದ ಊರುಗಳಿವೆ. ಬೋರ್‌ವೆಲ್ ಬತ್ತುವುದನ್ನು ಕಂಡ ನಮಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.