ಓದುಗರ ಪ್ರಶ್ನೆ: ಈ ಆಕರ ಇಲ್ಲಿ ಯಾಕೆ?

ಪ್ರಶ್ನೆ: ಬೀದರಿನ ಬಹಮನಿ ಕಟ್ಟಡಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರತಿ ಉಲ್ಲೇಖಕ್ಕೂ ಅದನ್ನು ಕೊಟ್ಟ ಕಾರಣ ಗುರುತು ಹಾಕಿಡಿ ಎನ್ನುತ್ತಾರೆ ನಮ್ಮ ಗೈಡ್. ಆಕರಗಳನ್ನು ಜೋಡಿಸಿಡುವ ತಂತ್ರಾಂಶ ಝೊಟೆರೊದಲ್ಲಿ ಟ್ಯಾಗ್ ಹಾಕಿದರೆ ಸಾಲದೇ? ಎಷ್ಟು ಬಗೆ ಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸಾಲದು. ಝೊಟೆರೊದ ಟ್ಯಾಗ್ ಅಂಟುವುದು ಪುಸ್ತಕಕ್ಕೆ. ಕಾರಣ ಇರುವುದು ನಿಮ್ಮ ವಾಕ್ಯದಲ್ಲಿ. ಮಹಮೂದ್ ಗವಾನ್ ಮದರಸಾದ ಅಳತೆಗಳನ್ನು ಗುಲಾಂ ಯಜ್ದಾನಿಯವರ 1947ರ ಬೀದರ್ ಗ್ರಂಥದಿಂದ ಎರಡನೇ ಅಧ್ಯಾಯಕ್ಕೆ ತಂದಿರಿ, ನಾಲ್ಕನೆಯದರಲ್ಲಿ ಅವರದೇ ಒಂದು ಅಭಿಪ್ರಾಯವನ್ನು ಒಪ್ಪಲಿಲ್ಲ ಎನ್ನಿ. ಪುಸ್ತಕ ಒಂದೇ, ಕಾರಣ ಎರಡು. ‘ಮಾಹಿತಿ’, ‘ಭಿನ್ನಮತ’ ಎಂಬ ಎರಡು ಟ್ಯಾಗ್ ಅಕ್ಕಪಕ್ಕ ಕೂತರೆ ಯಾವುದು ಎಲ್ಲಿಯದೆಂದು ಆಮೇಲೆ ನಿಮಗೇ ತಿಳಿಯದು.

ಎಕ್ಸೆಲ್ ಹಾಳೆ ತೆರೆಯಿರಿ. ಪುಸ್ತಕಕ್ಕೊಂದಲ್ಲ, ಉಲ್ಲೇಖಕ್ಕೊಂದು ಸಾಲು. ಕಾಲಂಗಳು: ಅಧ್ಯಾಯ, ನಿಮ್ಮ ವಾಕ್ಯದ ಮೊದಲ ನಾಲ್ಕು ಪದ, ಆಕರ, ಆಕರದ ಪುಟ, ಕಾರಣ. ಕರಡಿನ ಪುಟಸಂಖ್ಯೆ ಬರೆಯಬೇಡಿ, ತಿದ್ದಿದಂತೆಲ್ಲ ಅದು ಸರಿಯುತ್ತದೆ. ಬರೆಯುವಾಗಲೇ ತುಂಬಿ, ಕೊನೆಗೆ ಒಟ್ಟಿಗೆ ಕೂತರೆ ಎಲ್ಲಕ್ಕೂ ‘ಹಿನ್ನೆಲೆ’ ಎಂದೇ ಬೀಳುತ್ತದೆ.

ಉಲ್ಲೇಖಗಳ ಸೂಚಿ ರೂಪಿಸಿದ ಯುಜೀನ್ ಗಾರ್ಫೀಲ್ಡ್ 1960ರ ದಶಕದಲ್ಲೇ ಉಲ್ಲೇಖಕ್ಕೆ 15 ಕಾರಣ ಪಟ್ಟಿ ಮಾಡಿದ್ದರು. ಉಲ್ಲೇಖದ ಕಾರಣಗಳಿಗೆ ಗೊತ್ತಾದ ಹೆಸರು ಕೊಡುವ, ಈಗ ಬಳಕೆಯಲ್ಲಿರುವ ‘ಸಿಟೊ’ (CiTO) ಪದಪಟ್ಟಿಯಲ್ಲಿ 40ಕ್ಕೂ ಹೆಚ್ಚಿವೆ. ಥೀಸಿಸ್‌ಗೆ ಅಷ್ಟು ಬೇಡ: ಹಿನ್ನೆಲೆ, ಮಾಹಿತಿ, ವಿಧಾನ, ಆಧಾರ, ಭಿನ್ನಮತ, ವಿಸ್ತರಣೆ – ಆರು ಸಾಕು. ಆದರೆ ಪ್ರತಿಯೊಂದರ ಎದುರು ಸಿಟೊದ ಹೆಸರು ಬರೆದಿಡಿ. ‘ಜರ್ನಲ್ ಆಫ್ ಕೆಮಿನ್‌ಫರ್ಮ್ಯಾಟಿಕ್ಸ್’ 2020ರಿಂದ ಲೇಖಕರು ಗ್ರಂಥಸೂಚಿಯಲ್ಲೇ ಚೌಕ ಆವರಣದೊಳಗೆ ಸಿಟೊದ ಹೆಸರುಗಳನ್ನು ಸೇರಿಸಲು ಅವಕಾಶ ಕೊಟ್ಟಿದೆ. ಇಂಥ ಪತ್ರಿಕೆಗೆ ಲೇಖನ ಕಳಿಸುವಾಗ ಮತ್ತೆ ಮೊದಲಿಂದ ಶುರು ಮಾಡಬೇಕಾಗುವುದಿಲ್ಲ.

ಬಹಳ ಜನ ಎಡವುವುದು ‘ಆಧಾರ’ದಲ್ಲಿ. ಸಿಟೊದ ‘ಸಪೋರ್ಟ್ಸ್’ ಎಂದರೆ ನಿಮ್ಮ ಬರಹ ಆ ಆಕರವನ್ನು ಬಲಪಡಿಸುತ್ತದೆ ಎಂದರ್ಥ. ಆ ಆಕರದಿಂದ ನಿಮ್ಮ ಮಾತಿಗೆ ಬಲ ಬಂದಿದ್ದರೆ ‘ಅಬ್ಟೇನ್ಸ್ ಸಪೋರ್ಟ್ ಫ್ರಮ್’ ಹಾಕಬೇಕು. ಥೀಸಿಸ್‌ಗಳಲ್ಲಿ ಬರುವುದು ಹೆಚ್ಚಾಗಿ ಎರಡನೆಯದೇ.

ಹಳೆಯ ಪರ್ಷಿಯನ್ ಇತಿಹಾಸಕಾರ ಫಿರಿಶ್ತಾನ ಮಾತನ್ನು ಬಹಮನಿಗಳ ಬಗ್ಗೆ ಬರೆದ ಆಧುನಿಕ ಇತಿಹಾಸಕಾರ ಶೇರ್ವಾನಿಯವರ ಪುಸ್ತಕದಲ್ಲಿ ಓದಿ ಬಳಸಿದ್ದರೆ ಆಕರದ ಕಾಲಂನಲ್ಲಿ ಶೇರ್ವಾನಿಯವರದ್ದೇ ಹೆಸರಿರಲಿ. ಕಾರಣದ ಕಾಲಂ ತುಂಬಲಾಗದ ಸಾಲು ಸಿಕ್ಕರೆ ವಾಕ್ಯವನ್ನು ಮತ್ತೊಮ್ಮೆ ಓದಿ. ಆಗಲೂ ಹೊಳೆಯದಿದ್ದರೆ ಆ ಉಲ್ಲೇಖ ತೆಗೆದುಬಿಡಿ. ಗ್ರಂಥಸೂಚಿ ಉದ್ದ ಕಾಣಲೆಂದು ಸೇರಿಸಿದ್ದು ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.