ಎಂಜಿಬಿ ಮುಗ್ಗರಿಸಿದರೆ

ಪ್ರಶ್ನೆ: ನನ್ನದು 1965ರ ಎಂಜಿಬಿ ಸ್ಪೋರ್ಟ್ಸ್ ಕಾರು. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಓಟ) ಕೂಡ ಏರುಪೇರು. ಗಾಳಿ, ಪೆಟ್ರೋಲ್ ಬೆರೆಸುವ ಎರಡೂ ಎಸ್‌ಯು ಕಾರ್ಬುರೇಟರ್‌ಗಳನ್ನು ಬಿಚ್ಚಿಸಬೇಕೇ?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಈಗಲೇ ಬೇಡ. ಮುಗ್ಗರಿಸುವುದಕ್ಕೆ ಮೊದಲ ಅನುಮಾನ ಡ್ಯಾಂಪರ್ ಎಣ್ಣೆಯ ಮೇಲೆ. ಕಾರ್ಬುರೇಟರಿನ ಮೇಲಿನ ಮುಚ್ಚಳ ತಿರುಗಿಸಿ ತೆಗೆದು, ಒಳಗಿನ ಪಿಸ್ಟನ್ನಿನ ಟೊಳ್ಳು ಕಡ್ಡಿಯೊಳಗೆ 20 ಗ್ರೇಡ್ ಎಣ್ಣೆ ಹಾಕಿ. ಥ್ರಾಟಲ್ (ಗಾಳಿಯ ದಾರಿಯ ಕವಾಟ) ತಟ್ಟನೆ ತೆರೆದಾಗ ಪಿಸ್ಟನ್ ಜಿಗಿಯದಂತೆ ಈ ಎಣ್ಣೆ ತಡೆಯುತ್ತದೆ. ಅದರಿಂದಲೇ ಆ ಕ್ಷಣಕ್ಕೆ ಬೇಕಾದ ಹೆಚ್ಚು ಪೆಟ್ರೋಲ್ ಸಿಗುವುದು. ಎಣ್ಣೆ ಒಣಗಿದ್ದರೆ ಗಾಳಿಯೇ ಜಾಸ್ತಿಯಾಗುತ್ತದೆ.

ಐಡ್ಲಿಂಗ್ ಬೇರೆ ಮಾತು. ವಾಲ್ವ್ ಸಂದು (ತಣ್ಣಗಿದ್ದಾಗ 0.015 ಇಂಚು), ಇಗ್ನಿಷನ್ ಪಾಯಿಂಟ್ ಸಂದು (0.015 ಇಂಚು) ನೋಡದೆ ಕಾರ್ಬುರೇಟರಿಗೆ ಕೈಹಾಕುವುದು ದಂಡ. ಆಮೇಲೆ ಎಂಜಿನ್ ಬಿಸಿ ಮಾಡಿ, ಏರ್ ಫಿಲ್ಟರ್ ತೆಗೆದು, ಥ್ರಾಟಲ್ ಸ್ಪಿಂಡಲ್‌ಗಳನ್ನು ಜೋಡಿಸುವ ಕ್ಲ್ಯಾಂಪ್ ಸಡಿಲಿಸಿ. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರ ಬುಸ್ ಸದ್ದೂ ಸಮನಾಗುವವರೆಗೆ ಐಡಲ್ ಸ್ಕ್ರೂ ತಿರುಗಿಸಿ.

ಮಿಶ್ರಣಕ್ಕೆ ಕಾರ್ಬುರೇಟರಿನ ಕೆಳಗಿನ ಜೆಟ್ (ಪೆಟ್ರೋಲ್ ಬರುವ ನಳಿಗೆ) ನಟ್: ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ಹೆಚ್ಚು. ಪಿಸ್ಟನ್ನನ್ನು ಸುಮಾರು 0.8 ಮಿ.ಮೀ. ಎತ್ತಿ ನೋಡಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ತಕ್ಷಣ ಕುಸಿದರೆ ಕಡಿಮೆಯಾಗಿದೆ. ಕ್ಷಣಮಾತ್ರ ತುಸು ಏರಿದರೆ ಸರಿ. ಚೋಕ್ ಕೇಬಲ್ ಬಿಗಿಯಾಗಿದ್ದರೆ ಮಾತ್ರ ಜೆಟ್ ಮೇಲೆ ಬಾರದೆ ನೀವು ಸುಮ್ಮನೆ ತಿರುಗಿಸುತ್ತಲೇ ಇರುತ್ತೀರಿ.

ಮುಂದೆ ಬಿಚ್ಚಲೇಬೇಕಾಗಿ ಬಂದರೆ, ಒಂದರ ಪಿಸ್ಟನ್ ಇನ್ನೊಂದರ ಚೇಂಬರಿಗೆ ಹಾಕಬೇಡಿ. ಅವು ಜೋಡಿಯಾಗಿ ಹೊಂದಿಸಿದವು.