ಮಾತು ತಡವಾದರೆ ಮೊದಲು ಕಿವಿ ನೋಡಿಸಿ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. 22 ತಿಂಗಳ ಮಗ, ನಾಲ್ಕೈದೇ ಪದ, ಹೇಳಿದ್ದೆಲ್ಲ ಅರ್ಥವಾಗುತ್ತೆ, ಕರೆದರೆ ತಿರುಗುತ್ತಾನೆ, ಮನೆಯ ಹಿರಿಯರು 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಮೂರು ವರ್ಷ ಆಗಲಿ ಬಿಡು' ಅನ್ನುತ್ತಾರೆ. ಇವೇ ಸಾಲುಗಳನ್ನು ಆರು ವರ್ಷದ ಹಿಂದೆ, ಮಗಳು ಮಲಗಿದ ಮೇಲೆ, ನಾನು ಫೋನಿನಲ್ಲಿ ಟೈಪ್ ಮಾಡಿ ಅಳಿಸಿದ್ದೆ. ಕಾಯಬೇಕಾ, ಸ್ಪೀಚ್ ಥೆರಪಿ ಶುರು ಮಾಡಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಆ ಪ್ರಶ್ನೆ ಈಗಲೇ ಬೇಡ. ಮೊದಲು ಕಿವಿ ಪರೀಕ್ಷೆ ಮಾಡಿಸಿ. 'ಕರೆದರೆ ತಿರುಗುತ್ತಾನೆ' ಎಂದು ಬರೆದಿದ್ದೀರಲ್ಲ, ನಾನು ಎಡವಿದ್ದು ಸರಿಯಾಗಿ ಅಲ್ಲೇ.

ಮಗಳಿಗೆ 18 ತಿಂಗಳಾದಾಗ ಅಮ್ಮ, ಅಪ್ಪ ಬಿಟ್ಟರೆ ಮಾತಿರಲಿಲ್ಲ. ಲಸಿಕೆಗೆ ಹೋದಾಗ ಡಾಕ್ಟರ್ 'ಒಮ್ಮೆ ಕಿವಿ ನೋಡಿಸಿ' ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಒಂಬತ್ತು ತಿಂಗಳು ನನ್ನ ಬ್ಯಾಗಿನಲ್ಲೇ ಇತ್ತು. ಮರೆತಿದ್ದೆ ಅಂತಲ್ಲ. ಅವತ್ತೇ ಮನೆಗೆ ಬಂದು ನಾನೇ ಪರೀಕ್ಷೆ ಮಾಡಿದ್ದೆ. ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ತಿರುಗಿದಳು. ತಟ್ಟೆಗೆ ಚಮಚ ಬಡಿದೆ, ಬೆಚ್ಚಿಬಿದ್ದಳು. ಬಾಗಿಲ ಬಳಿ ನಿಂತು ಜೋರಾಗಿ ಹೆಸರು ಕರೆದೆ, ನಗುತ್ತಾ ಓಡಿಬಂದಳು. ಹುಟ್ಟಿದ ಮೂರನೇ ದಿನದ ಕಿವಿ ಪರೀಕ್ಷೆಯಲ್ಲೂ ಪಾಸಾಗಿದ್ದಳು, ಆ ಕಾಗದ ಫೈಲಿನಲ್ಲಿತ್ತು. ಇನ್ನೇನು ಬೇಕು, ಕಿವಿ ಸರಿಯಿದೆ, ಮಾತು ತಾನಾಗಿ ಬರುತ್ತೆ ಅಂದುಕೊಂಡೆ.

ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಚಪ್ಪಾಳೆ, ತಟ್ಟೆಯ ಸದ್ದು ತುಂಬಾ ಜೋರು. ಅರ್ಧಂಬರ್ಧ ಕೇಳುವ ಮಗುವಿಗೂ ಅದು ಕೇಳುತ್ತೆ. ಮಾತು ಅಷ್ಟು ಜೋರಲ್ಲ. ನಾವು ಎದುರೆದುರು ಕೂತು ಮಾತಾಡಿದರೆ ಸುಮಾರು 60 ಡೆಸಿಬಲ್, ಪಿಸುಮಾತಾದರೆ ಸುಮಾರು 30. ಕಿವಿಯ ತಮಟೆಯ ಹಿಂದೆ ನೀರಿನಂಥ ದ್ರವ ಕಟ್ಟಿಕೊಂಡರೆ, ಅದಕ್ಕೆ ಗ್ಲೂ ಇಯರ್ ಅನ್ನುತ್ತಾರೆ, ಸಾಮಾನ್ಯವಾಗಿ 20ರಿಂದ 40 ಡೆಸಿಬಲ್‌ನಷ್ಟು ಕೇಳುವಿಕೆ ಕಡಿಮೆಯಾಗುತ್ತೆ. ಅಂದರೆ ಎದುರಿಗೆ ಕೂತು ಆಡಿದ ಮಾತೂ ಪಿಸುಮಾತಿನ ಹಾಗೆ ಕೇಳಬಹುದು. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದೂ ಇಲ್ಲ. ಮಗು ಆಡಿಕೊಂಡೇ ಇರುತ್ತೆ. ಮಾತಿನಲ್ಲಿ ಸ್ವರಗಳು ಗಟ್ಟಿ, ಅವು ಹೇಗೋ ತಲುಪುತ್ತವೆ. ಕ, ತ, ಸ, ಹ ಥರದ ಸದ್ದುಗಳು ಮೆಲ್ಲಗಿರುತ್ತವೆ, ಅವೇ ಮೊದಲು ಅಳಿಸಿಹೋಗುತ್ತವೆ. ನನ್ನ ಮಗಳು ಹಾಲಿಗೆ 'ಆಉ' ಅನ್ನುತ್ತಿದ್ದಳು. ಕಾಲಿಗೂ 'ಆಉ'. ಕಾರಿಗೂ 'ಆಉ'. ನಾವು ಮುದ್ದು ಮಾತು ಅಂತ ವಿಡಿಯೋ ಮಾಡಿ ಎಲ್ಲರಿಗೂ ಕಳಿಸುತ್ತಿದ್ದೆವು. ಅವಳಿಗೆ ಆ ಮೂರು ಪದಗಳೂ ಹಾಗೇ ಕೇಳಿಸುತ್ತಿದ್ದವು ಎಂದು ಹೊಳೆಯಲೇ ಇಲ್ಲ.

ಹುಟ್ಟಿದಾಗಿನ ಪರೀಕ್ಷೆಯೂ ಅಷ್ಟೇ. ಅದು ಆ ದಿನದ ಕಿವಿಯ ಲೆಕ್ಕ. ಈ ದ್ರವ ಹೆಚ್ಚಾಗಿ ಕಟ್ಟಿಕೊಳ್ಳುವುದು ನೆಗಡಿಯಾದ ಮೇಲೆ, ಆಮೇಲೆ ಎಷ್ಟು ನೆಗಡಿಯಾಗಿದೆ ಅಂತ ಆ ಕಾಗದಕ್ಕೆ ಗೊತ್ತಿಲ್ಲ. ನಮ್ಮವಳಿಗೆ ಒಂದು ವರ್ಷದಲ್ಲಿ ನೆಗಡಿ ಬಿಟ್ಟ ತಿಂಗಳೇ ಇರಲಿಲ್ಲ.

ಇನ್ನು 'ಎಲ್ಲ ಅರ್ಥವಾಗುತ್ತೆ' ಅನ್ನುವುದು. 'ಚಪ್ಪಲಿ ತಾ' ಅಂದರೆ ತರುತ್ತಿದ್ದಳು, ನಿಜ. ಆದರೆ ಹಾಗೆ ಹೇಳುವಾಗ ನಾನು ಬ್ಯಾಗ್ ಹಾಕಿಕೊಂಡು ಬಾಗಿಲ ಕಡೆ ನೋಡುತ್ತಾ ನಿಂತಿರುತ್ತಿದ್ದೆ! ಅವಳು ಓದುತ್ತಿದ್ದದ್ದು ನನ್ನ ಮುಖ, ಕೈ, ಕಣ್ಣು. ಇವತ್ತು ನೀವೂ ಹೀಗೆ ಮಾಡಿ ನೋಡಿ. ಚೆಂಡು, ಪುಸ್ತಕ, ಬಾಚಣಿಗೆ ಮಗುವಿನ ಮುಂದಿಡಿ. ಕೈ ತೋರಿಸಬೇಡಿ, ಆ ವಸ್ತು ನೋಡಬೇಡಿ, ಪಕ್ಕದಲ್ಲಿ ಕೂತು ಮಾಮೂಲಿ ದನಿಯಲ್ಲಿ 'ಬಾಚಣಿಗೆ ಕೊಡು' ಅನ್ನಿ. ಇದೂ ಪರೀಕ್ಷೆಯಲ್ಲ, ಮಗು ಸರಿಯಾಗಿ ಕೊಟ್ಟರೂ ಕಿವಿ ನೋಡಿಸುವುದನ್ನು ಬಿಡಬೇಡಿ. ನಿಮ್ಮ ನಂಬಿಕೆ ಎಷ್ಟು ಗಟ್ಟಿ ಅಂತ ಗೊತ್ತಾಗಲಿ, ಅಷ್ಟಕ್ಕೇ ಹೇಳಿದೆ.

ಕೊನೆಗೆ 27 ತಿಂಗಳಲ್ಲಿ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಮಾತು, 'ಕಿವಿ ಪರೀಕ್ಷೆಯ ರಿಪೋರ್ಟ್ ಎಲ್ಲಿ?' ಅದಿಲ್ಲದೆ ಮುಂದಕ್ಕೆ ಹೋಗುವುದಿಲ್ಲ ಅಂದರು. ಆಗಲೇ ಚೀಟಿ ಹೊರಗೆ ತೆಗೆದಿದ್ದು, ಮಡಿಕೆಯ ಜಾಗದಲ್ಲಿ ಹರಿದುಹೋಗಿತ್ತು.

ಕಿವಿ ಪರೀಕ್ಷೆ ಮಾಡಿದ ಆ ಕೋಣೆ ಇನ್ನೂ ಕಣ್ಣ ಮುಂದಿದೆ. ಅವಳು ನನ್ನ ತೊಡೆಯ ಮೇಲೆ. ಎರಡೂ ಬದಿಗೆ ಸ್ಪೀಕರ್, ಪಕ್ಕದಲ್ಲೊಂದು ಪೆಟ್ಟಿಗೆ. ಸದ್ದು ಬಂದಾಗ ಮಗು ಆ ಕಡೆ ತಿರುಗಿದರೆ ಪೆಟ್ಟಿಗೆಯೊಳಗೆ ದೀಪ ಹತ್ತಿ ಗೊಂಬೆ ಕುಣಿಯುತ್ತೆ. ಜೋರು ಸದ್ದಿಗೆ ಎರಡು ಸಲ ತಿರುಗಿದಳು, ಗೊಂಬೆ ನೋಡಿ ಕೇಕೆ ಹಾಕಿದಳು. ಆಮೇಲೆ ಸದ್ದು ತಗ್ಗಿಸುತ್ತಾ ಹೋದರು. ನನಗೆ ಸ್ಪಷ್ಟವಾಗಿ ಕೇಳುತ್ತಿದೆ, ಅವಳು ನನ್ನ ಅಂಗಿಯ ಗುಂಡಿ ತಿರುಗಿಸುತ್ತಾ ಕೂತಿದ್ದಾಳೆ. ಇನ್ನೊಮ್ಮೆ ಸದ್ದು. ಗುಂಡಿ ತಿರುಗಿಸುತ್ತಲೇ ಇದ್ದಾಳೆ. ಅವಳನ್ನು ಸ್ವಲ್ಪ ಅಲುಗಿಸಿ ಆ ಕಡೆ ತಿರುಗಿಸಿಬಿಡಲೇ ಅನಿಸಿತು. ನಂತರ ಟಿಂಪನೋಮೆಟ್ರಿ, ಕಿವಿಗೆ ಚಿಕ್ಕ ತುದಿ ಇಟ್ಟು ತಮಟೆ ಅಲುಗುತ್ತದಾ ನೋಡುವುದು, ಒಂದೊಂದು ಕಿವಿಗೆ ಒಂದು ನಿಮಿಷವೂ ಬೇಡ. ಗುಡ್ಡದ ಹಾಗೆ ಏಳಬೇಕಾದ ಗೆರೆ ಎರಡು ಕಿವಿಯಲ್ಲೂ ಸಪಾಟಾಗಿ ಮಲಗಿತ್ತು, ಅಂದರೆ ತಮಟೆ ಅಲುಗುತ್ತಿಲ್ಲ, ಹಿಂದೆ ದ್ರವ ಇದೆ.

ಗ್ಲೂ ಇಯರ್ ಬಹಳ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಹೋಗುತ್ತೆ, ಅದಕ್ಕೇ ತಕ್ಷಣ ಏನೂ ಮಾಡದೆ ಕಾದು ಮತ್ತೆ ನೋಡುತ್ತಾರೆ. ನಮ್ಮವಳಿಗೆ ಹೋಗಲಿಲ್ಲ. ತಮಟೆಗೆ ಗ್ರೋಮೆಟ್ ಎಂಬ ಪುಟ್ಟ ಕೊಳವೆ ಹಾಕಿದರು. ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕವರ್ ಬಿಚ್ಚುತ್ತಿದ್ದೆ. ಆ ಚರಪರ ಸದ್ದಿಗೆ ಇನ್ನೊಂದು ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದಳು. ನಾನು ಮತ್ತೆ ಮತ್ತೆ ಕವರ್ ಹಿಸುಕಿದೆ. ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೂ ಮಾತು ಒಂದೇ ದಿನಕ್ಕೆ ಬರಲಿಲ್ಲ, ಥೆರಪಿ ಒಂದು ವರ್ಷ ನಡೆಯಿತು. ಎರಡು ವರ್ಷಕ್ಕೆ ಮಕ್ಕಳು 'ಹಾಲು ಬೇಕು' ಅಂತ ಎರಡು ಪದ ಜೋಡಿಸಬೇಕು, ಸುಮಾರು 50 ಪದ ಇರಬೇಕು ಅನ್ನುವುದು ಥೆರಪಿಸ್ಟ್‌ಗಳ ಲೆಕ್ಕ. ಅವಳು ಅಲ್ಲಿಗೆ ಬಂದಾಗ ಮೂರು ದಾಟಿತ್ತು. ತಡವಾಗಿ ಶುರು ಮಾಡುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಉಳಿದವರ ಜೊತೆ ಸೇರಿಕೊಳ್ಳುತ್ತಾರೆ, ನಿಮ್ಮ ಹಿರಿಯರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ನಿಮ್ಮ ಮಗು ಯಾವ ಗುಂಪು ಅಂತ ಈಗಲೇ ಯಾರು ಹೇಳುತ್ತಾರೆ? ಕಾಯುವುದಾದರೆ ರಿಪೋರ್ಟ್ ಕೈಯಲ್ಲಿಟ್ಟುಕೊಂಡು ಕಾಯಿರಿ. ಮಗು ಬೆರಳು ಮಾಡಿ ತೋರಿಸುತ್ತಿಲ್ಲ, ಮುಖ ನೋಡುತ್ತಿಲ್ಲ, ಇದ್ದ ಪದಗಳನ್ನೂ ಬಿಡುತ್ತಿದೆ ಅಂತಾದರೆ ಕಾಯುವುದೇ ಬೇಡ, ಈ ವಾರವೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.

ಮೊಬೈಲ್ ಕಾರಣ ಅಂತ ನಮಗೂ ಎಲ್ಲರೂ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡ ಅಂದಿದೆ, ಎರಡು ವರ್ಷಕ್ಕೆ ಹೆಚ್ಚೆಂದರೆ ಒಂದು ಗಂಟೆ. ಆಫ್ ಮಾಡಿ, ಒಳ್ಳೆಯದೇ. ನಾವೂ ಮಾಡಿದೆವು, ಕಿವಿಯೊಳಗಿನ ದ್ರವ ಹಾಗೇ ಇತ್ತು.

ಮತ್ತೆ, ಮನೆಯಲ್ಲಿ ಎರಡು ಭಾಷೆ ಆಡುತ್ತೇವೆ, ಒಂದನ್ನು ನಿಲ್ಲಿಸಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಎರಡರ ಪದಗಳನ್ನೂ ಸೇರಿಸಿ ಎಣಿಸಿ, ನಾಯಿ ನೋಡಿ ಪ್ರತಿ ಸಲ 'ಬೌ' ಅಂದರೆ ಅದೂ ಒಂದು ಪದವೇ. ಆ ಪಟ್ಟಿ ಬರೆದು ಪರೀಕ್ಷೆಗೆ ಕೊಂಡೊಯ್ಯಿರಿ. ನೆಗಡಿ ಎಷ್ಟು ಸಲ ಆಗಿದೆ ಹೇಳಿ. ಟಿಂಪನೋಮೆಟ್ರಿ ಮಾಡುತ್ತೀರಾ ಅಂತ ನೀವೇ ಬಾಯಿಬಿಟ್ಟು ಕೇಳಿ, ನನಗೆ ಆಗ ಆ ಹೆಸರೇ ಗೊತ್ತಿರಲಿಲ್ಲ. ರಿಪೋರ್ಟ್ ಬಂದಮೇಲೆ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.